ಕಲಿತದ್ದನ್ನು ಕಾಯುವುದು: ಪೂರ್ವ ಬೆಂಗಳೂರಿನ ನಾಲ್ಕು ಕಾರ್ಖಾನೆಗಳು



ಹಲಸೂರಿನಿಂದ ಹೊರಟು ಇಂದಿರಾನಗರದ ಬದಿಯಲ್ಲಿ ಹಾದು, ಬೈಯಪ್ಪನಹಳ್ಳಿ ದಾಟಿ ಕೃಷ್ಣರಾಜಪುರ ಸೇರುವ ಹಳೇ ಮದ್ರಾಸ್ ರಸ್ತೆ ಇಂದು ಟ್ರಾಫಿಕ್ಕಿಗೆ ಹೆಸರಾಗಿದೆ. ಇದೇ ರಸ್ತೆಯ ಆಸುಪಾಸಿನಲ್ಲಿ 1940ರಿಂದ ಕಾಲು ಶತಮಾನದೊಳಗೆ ನಾಲ್ಕು ದೊಡ್ಡ ಕಾರ್ಖಾನೆಗಳು ಬೇರೂರಿದವು. ವಿಮಾನಪುರದಲ್ಲಿ ವಿಮಾನಗಳ ಎಚ್‌ಎಎಲ್, ದೂರವಾಣಿನಗರದಲ್ಲಿ ಟೆಲಿಫೋನುಗಳ ಐಟಿಐ, ಬೈಯಪ್ಪನಹಳ್ಳಿಯಲ್ಲಿ ವಿದ್ಯುತ್ ಯಂತ್ರಗಳ ಎನ್‌ಜಿಇಎಫ್, ಹೊಸ ತಿಪ್ಪಸಂದ್ರದಲ್ಲಿ ರೈಲು ಬೋಗಿಗಳ ಬೆಮೆಲ್. ನಾಲ್ಕರಲ್ಲೂ ಸರ್ಕಾರದ ಹಣವಿತ್ತು. ನಾಲ್ಕೂ ಒಂದಲ್ಲ ಒಂದು ಹಂತದಲ್ಲಿ ಹೊರದೇಶದ ಕಂಪನಿಗಳಿಂದ ತಂತ್ರಜ್ಞಾನ ಪಡೆದವು. ಅಪ್ರೆಂಟಿಸ್ ಆಗಿ ಸೇರಿ, ಅಲ್ಲೇ ಫೋರ್‌ಮನ್ ಆಗಿ, ಅಲ್ಲೇ ನಿವೃತ್ತರಾದ ಸಾವಿರಾರು ಜನರನ್ನು ನಾಲ್ಕೂ ಕಂಡವು.

ಇಷ್ಟು ಹೋಲಿಕೆಯಿದ್ದರೂ ಅವುಗಳ ಹಣೆಬರಹ ಬೇರೆಬೇರೆಯಾಯಿತು. ಎನ್‌ಜಿಇಎಫ್ 2002ರಲ್ಲಿ ಬಾಗಿಲು ಹಾಕಿತು. ದೇಶದ ಟೆಲಿಫೋನುಗಳನ್ನೆಲ್ಲ ತಯಾರಿಸುತ್ತಿದ್ದ ಐಟಿಐ ನಷ್ಟಕ್ಕೆ ಸಿಲುಕಿ, 2014ರಲ್ಲಿ ಕೇಂದ್ರ ಸರ್ಕಾರ ಸುಮಾರು 4,156 ಕೋಟಿ ರೂಪಾಯಿಯ ಪುನಶ್ಚೇತನ ಯೋಜನೆ ಒಪ್ಪಬೇಕಾಯಿತು. ಎಚ್‌ಎಎಲ್ ಒಂದು ವಿದ್ಯೆಯನ್ನು ಕಲಿತು ಕಳೆದುಕೊಂಡಿತು, ಅದೇ ಆವರಣದಲ್ಲಿ ಇನ್ನೊಂದು ವಿದ್ಯೆಯನ್ನು ಕಲಿತು ಉಳಿಸಿಕೊಂಡಿತು. ಬೆಮೆಲ್ ಕಟ್ಟಿದ ರೈಲುಗಳಲ್ಲಿ ಈ ನಗರ ದಿನವೂ ಓಡಾಡುತ್ತಿದೆ. ಈ ವ್ಯತ್ಯಾಸಕ್ಕೆ ಸರ್ಕಾರದ ನೀತಿ, ಮಾರುಕಟ್ಟೆ, ಕಾಲಮಾನ ಎಲ್ಲವೂ ಕಾರಣ ಎಂಬುದು ನಿಜ. ಆದರೆ ಆ ಕಾರಣಗಳ ನಡುವೆ ಸಾಮಾನ್ಯವಾಗಿ ಲೆಕ್ಕಕ್ಕೆ ಬಾರದ ಒಂದು ಸಂಗತಿಯಿದೆ. ಒಂದು ಸಂಸ್ಥೆ ಕಲಿತದ್ದು ಎಲ್ಲಿ ನೆಲೆಸಿರುತ್ತದೆ, ಅದನ್ನು ಕಾಯುವವರು ಯಾರು ಎಂಬುದೇ ಈ ಉಪನ್ಯಾಸದ ವಿಷಯ.

ಸಂಸ್ಥೆಯ ಕಲಿಕೆಯನ್ನು ಅಳೆಯಲು ಮೊದಲು ಹೊರಟವರಲ್ಲಿ ಒಬ್ಬರು ವಿಮಾನ ಕಾರ್ಖಾನೆಯವರೇ. ಅಮೆರಿಕದ ಎಂಜಿನಿಯರ್ ಟಿ.ಪಿ. ರೈಟ್ 1936ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಸರಳ ನಿಯಮ ಕಂಡುಕೊಂಡರು. ಒಂದೇ ಮಾದರಿಯ ವಿಮಾನಗಳ ಒಟ್ಟು ಸಂಖ್ಯೆ ಎರಡು ಪಟ್ಟಾದಾಗಲೆಲ್ಲ, ಒಂದೊಂದಕ್ಕೆ ಬೇಕಾಗುವ ದುಡಿಮೆ ಸುಮಾರು ಶೇ 20ರಷ್ಟು ಇಳಿಯುತ್ತದೆ. ಯಂತ್ರ ಅದೇ, ಡ್ರಾಯಿಂಗ್ ಅದೇ. ಕೈ ಪಳಗುತ್ತದೆ, ಕೈಗಳ ನಡುವಿನ ಹೊಂದಾಣಿಕೆಯೂ ಪಳಗುತ್ತದೆ. ಇದರ ಇನ್ನೊಂದು ಮುಖವನ್ನು ತೋರಿಸಿದ್ದು ಅರ್ಥಶಾಸ್ತ್ರಜ್ಞ ಲ್ಯಾನಿಯರ್ ಬೆಂಕಾರ್ಡ್ 2000ದಲ್ಲಿ ಪ್ರಕಟಿಸಿದ ಅಧ್ಯಯನ. ಲಾಕ್‌ಹೀಡ್ ಕಂಪನಿಯ ಎಲ್-1011 ಪ್ರಯಾಣಿಕ ವಿಮಾನದ ಉತ್ಪಾದನೆ 1970ರ ದಶಕದ ನಡುವೆ ಕುಸಿದು ಮತ್ತೆ ಏರಿದಾಗ, ಕಂಪನಿ ಹಿಂದೆ ತಲುಪಿದ್ದ ವೇಗಕ್ಕೆ ಮರಳಲಿಲ್ಲ. ಕಡತಗಳೆಲ್ಲ ಇದ್ದವು, ಪಳಗಿದ ಜನ ಇರಲಿಲ್ಲ. ಸಂಸ್ಥೆ ಕಲಿಯುವುದು ನಿಜವಾದರೆ ಮರೆಯುವುದೂ ಅಷ್ಟೇ ನಿಜ.

ಈ ಮಾತನ್ನು ಪರೀಕ್ಷಿಸಲು ಬೆಂಗಳೂರಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಅಂದರೆ ಎಚ್‌ಎಎಲ್, ಸ್ಥಾಪಿಸಿದರು. ಯುದ್ಧದ ಕಾಲ. 1942ರಲ್ಲಿ ಭಾರತ ಸರ್ಕಾರ ಅದನ್ನು ತನ್ನ ಹತೋಟಿಗೆ ತೆಗೆದುಕೊಂಡಿತು, ಮುಂದಿನ ವರ್ಷ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿ ಅದು ದುಡಿಯತೊಡಗಿತು. ಹೊಸ ವಿಮಾನ ಕಟ್ಟುವ ಕನಸಿಗೆ ಇದು ಅಡ್ಡಿಯಾಯಿತು ಎಂದು ಕೆಲವರು ಬರೆದಿದ್ದಾರೆ. ಕಲಿಕೆಯ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆ. ಕೆಟ್ಟು ಬಂದ ವಿಮಾನವನ್ನು ಬಿಚ್ಚಿ ಜೋಡಿಸುವವನಿಗೆ, ಅದು ಯಾವ ಜಾಗದಲ್ಲಿ, ಯಾಕೆ ಕೆಡುತ್ತದೆ ಎಂಬುದು ಗೊತ್ತಾಗುತ್ತದೆ. ಹೊಸದನ್ನು ಮಾತ್ರ ಕಟ್ಟುವವನಿಗೆ ಅದು ಅಷ್ಟು ಬೇಗ ತಿಳಿಯುವುದಿಲ್ಲ.

ಇದಕ್ಕೆ ದೊಡ್ಡ ಸಾಕ್ಷಿ ಸ್ವಾತಂತ್ರ್ಯದ ಮಗ್ಗುಲಲ್ಲೇ ಸಿಕ್ಕಿತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್ ವಿಮಾನಗಳು ಗುಜರಿಯಾಗಿ ಬಿದ್ದಿದ್ದವು. ಮತ್ತೆ ಬಳಕೆಗೆ ಬಾರದಂತೆ ಅವುಗಳನ್ನು ಬೇಕೆಂದೇ ಕೆಡಿಸಿ ಹೋಗಲಾಗಿತ್ತು. ಬೆಂಗಳೂರಿನ ಎಚ್‌ಎಎಲ್ ತಂಡ ಅವುಗಳಲ್ಲಿ ನಲವತ್ತರಷ್ಟನ್ನು ಹಾರುವ ಸ್ಥಿತಿಗೆ ತಂದು ಇಲ್ಲಿಗೆ ತರಿಸಿಕೊಂಡು, ಪೂರ್ತಿ ದುರಸ್ತಿ ಮಾಡಿತು. ಆ ವಿಮಾನಗಳಿಂದಲೇ 1948ರಲ್ಲಿ ಭಾರತೀಯ ವಾಯುಪಡೆಯ ಮೊದಲ ಭಾರೀ ಬಾಂಬರ್ ಸ್ಕ್ವಾಡ್ರನ್ ಕಟ್ಟಲಾಯಿತು. 1968ರವರೆಗೂ ಅವು ಸೇವೆಯಲ್ಲಿದ್ದವು. ಇಂಥ ಕೆಲಸಕ್ಕೆ ಯಾವ ಕೈಪಿಡಿಯೂ ಇರುವುದಿಲ್ಲ. ಯುದ್ಧಕಾಲದ ದುರಸ್ತಿ ಶಾಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ದಾಟಿದ ತಿಳಿವಳಿಕೆಯೇ ಕೈಪಿಡಿಯಾಯಿತು.

ವಿನ್ಯಾಸದ ವಿದ್ಯೆ ಬಂದದ್ದು ಇನ್ನೊಂದು ದಾರಿಯಲ್ಲಿ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ವಾಯುಬಲ ವಿಜ್ಞಾನದ ಪಿತಾಮಹ ಲುಡ್ವಿಗ್ ಪ್ರಾಂಟ್ಲ್ ಅವರ ಕೈಕೆಳಗೆ ಓದಿದ ವಿಷ್ಣು ಮಾಧವ ಘಾಟ್ಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಎಚ್‌ಎಎಲ್‌ನಲ್ಲೂ ದುಡಿದವರು. ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. ಪಾಠ ಹೇಳುವ ಜಾಗ ಮತ್ತು ಲೋಹ ಕಡಿಯುವ ಜಾಗ ಒಂದೇ ಊರಿನಲ್ಲಿದ್ದು, ಎರಡರ ನಡುವೆ ಒಬ್ಬರೇ ವ್ಯಕ್ತಿ ಓಡಾಡುತ್ತಿದ್ದದ್ದು ಆ ಕಾಲದ ಭಾಗ್ಯ.

ನಂತರ ಬಂದದ್ದು ಮಾರುತ್. ಎರಡನೇ ಮಹಾಯುದ್ಧದಲ್ಲಿ ಫೋಕೆ-ವುಲ್ಫ್ ಯುದ್ಧವಿಮಾನಗಳನ್ನು ರೂಪಿಸಿದ್ದ ಕುರ್ಟ್ ಟ್ಯಾಂಕ್ 1956ರಲ್ಲಿ ತಮ್ಮ ಜರ್ಮನ್ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಸೂಪರ್‌ಸಾನಿಕ್ ವೇಗದ ಗುರಿಯಿದ್ದ ವಿಮಾನ ಅದು. ಅಂಥದ್ದನ್ನು ಕೈಗೆತ್ತಿಕೊಂಡ ದೇಶಗಳು ಆಗ ಬೆರಳೆಣಿಕೆಯಷ್ಟು. ಮೊದಲು ಪೂರ್ಣ ಗಾತ್ರದ ಮರದ ಗ್ಲೈಡರ್ ಮಾಡಿ ಹಾರಿಸಿ ನೋಡಿದರು. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಮೊದಲ ಮಾದರಿಯನ್ನು ಆಕಾಶಕ್ಕೇರಿಸಿದರು. 1970ರ ಜನವರಿಯಲ್ಲಿ ಅದೇ ವಿಮಾನದ ಸುಧಾರಿತ ಮಾದರಿಯ ಪರೀಕ್ಷೆಯಲ್ಲಿ ಅವರು ಪ್ರಾಣ ಬಿಟ್ಟರು. ಹಳೇ ಮದ್ರಾಸ್ ರಸ್ತೆಯಿಂದ ಹಳೇ ವಿಮಾನ ನಿಲ್ದಾಣದ ರಸ್ತೆಗೆ ಕೂಡುವ ದಾರಿಗೆ ಅವರ ಹೆಸರಿದೆ. ದಿನವೂ ಅಲ್ಲಿ ಓಡಾಡುವವರಲ್ಲಿ ಎಷ್ಟೋ ಜನರಿಗೆ ಆ ಹೆಸರಿನ ಹಿಂದಿರುವ ಮನುಷ್ಯ ಯಾರೆಂದು ಗೊತ್ತಿಲ್ಲ.

ಮಾರುತ್‌ಗೆ ಬೇಕಾಗಿದ್ದ ಬಲಿಷ್ಠ ಎಂಜಿನ್ ಕೊನೆಗೂ ಸಿಗಲಿಲ್ಲ. ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್ ಯೋಜನೆ ನಿಂತುಹೋಗಿ, ಕಡಿಮೆ ಶಕ್ತಿಯ ಆರ್ಫಿಯಸ್ 703 ಅನ್ನೇ ಅಳವಡಿಸಬೇಕಾಯಿತು. ಹಾಗಿದ್ದೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಆ ವಿಮಾನಗಳು ಕೆಲಸ ಮಾಡಿದವು. ಒಟ್ಟು 147 ಮಾರುತ್‌ಗಳು ತಯಾರಾದವು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಉತ್ಪಾದನೆ ನಿಂತಿತು, ಮುಂದಿನ ಯುದ್ಧವಿಮಾನದ ಕೆಲಸವನ್ನು ಯಾರೂ ಆ ತಂಡಕ್ಕೆ ಕೊಡಲಿಲ್ಲ. ಜಾಗ್ವಾರ್ ಮತ್ತು ಮಿಗ್ ಲೈಸೆನ್ಸ್‌ಗಳು ಬಂದವು. ಕೆಲಸಕ್ಕೆ ಬರವಿರಲಿಲ್ಲ, ಆದರೆ ಅದು ಇನ್ನೊಬ್ಬರ ಡ್ರಾಯಿಂಗ್ ನೋಡಿ ಮಾಡುವ ಕೆಲಸ. ಲೈಸೆನ್ಸ್ ಕೆಲಸದಲ್ಲಿ ಹೇಗೆ ಮಾಡಬೇಕು ಎಂಬುದು ಬರೆದಿರುತ್ತದೆ, ಯಾಕೆ ಹಾಗೆ ಎಂಬುದು ಬರೆದಿರುವುದಿಲ್ಲ.

ಲಘು ಯುದ್ಧವಿಮಾನ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ. ಅದಕ್ಕೆಂದೇ 1984ರಲ್ಲಿ ಏರೊನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ, ಅಂದರೆ ಎಡಿಎ, ಹುಟ್ಟಿತು. ಅಷ್ಟರಲ್ಲಿ ಮಾರುತ್ ಕಾಲದಲ್ಲಿ ಪಳಗಿದ ವಿನ್ಯಾಸಕಾರರು ನಿವೃತ್ತರಾಗಿದ್ದರು, ಇಲ್ಲವೇ ಬೇರೆ ಬೇರೆ ಕೆಲಸಗಳಲ್ಲಿ ಚದುರಿ ಹೋಗಿದ್ದರು. ತೇಜಸ್ ಎಂದು ಮುಂದೆ ಹೆಸರು ಪಡೆದ ಆ ವಿಮಾನ ಮೊದಲು ಹಾರಿದ್ದು 2001ರ ಜನವರಿ 4ರಂದು. ಮಾರುತ್‌ನ ಮೊದಲ ಹಾರಾಟಕ್ಕೂ ಇದಕ್ಕೂ ನಲವತ್ತು ವರ್ಷದ ಅಂತರ. ನ್ಯಾಯವಾಗಿ ಹೇಳುವುದಾದರೆ, ಈ ನಲವತ್ತು ವರ್ಷಗಳಲ್ಲಿ ವಿಮಾನ ವಿದ್ಯೆಯೇ ಬದಲಾಗಿತ್ತು. ಕಾರ್ಬನ್ ನಾರಿನ ರೆಕ್ಕೆ, ಕಂಪ್ಯೂಟರ್ ನಡೆಸುವ ಹಾರಾಟ ನಿಯಂತ್ರಣ ಮಾರುತ್ ಕಾಲದವರಿಗೂ ಹೊಸತೇ. ಆದರೂ ಒಂದು ತಂಡ ನಡುವೆ ಎರಡು ಚಿಕ್ಕ ಯುದ್ಧವಿಮಾನಗಳನ್ನಾದರೂ ಮಾಡಿಕೊಂಡು ಬಂದಿದ್ದರೆ, ಹೊಸತನ್ನು ಕಲಿಯಲು ಹಳೆಯದೊಂದು ನೆಲೆ ಇರುತ್ತಿತ್ತು. ತೇಜಸ್ ತಂಡ ವಿಮಾನ ಮಾಡುವುದರ ಜೊತೆಗೆ, ವಿಮಾನ ಮಾಡುವ ತಂಡವೊಂದನ್ನೂ ಮೊದಲಿನಿಂದ ಕಟ್ಟಬೇಕಾಯಿತು.

ಆ ಕಟ್ಟುವಿಕೆಯಲ್ಲಿ ಒಂದು ಭಾಗ ವಿಶೇಷ ಗಮನಕ್ಕೆ ಅರ್ಹ. 1998ರ ಅಣು ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿದಾಗ, ಲಾಕ್‌ಹೀಡ್ ಮಾರ್ಟಿನ್ ಕಂಪನಿಯಲ್ಲಿ ಹಾರಾಟ ನಿಯಂತ್ರಣದ ಕೆಲಸದಲ್ಲಿದ್ದ ಭಾರತೀಯ ಎಂಜಿನಿಯರುಗಳು ಉಪಕರಣಗಳನ್ನೂ ಬಿಟ್ಟು ಮರಳಬೇಕಾಯಿತು. ನಿಯಂತ್ರಣ ಸೂತ್ರಗಳನ್ನು ರೂಪಿಸುವ ರಾಷ್ಟ್ರೀಯ ತಂಡವೊಂದು ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ಅದಾಗಲೇ ಕೆಲಸ ಮಾಡುತ್ತಿತ್ತು. ಬೇರೆ ಬೇರೆ ಸಂಸ್ಥೆಗಳಿಂದ ಬಂದವರು ಅಲ್ಲಿ ಒಂದೇ ಮೇಜಿನ ಸುತ್ತ ಕುಳಿತಿದ್ದರು. ಮೂರು ವರ್ಷದೊಳಗೆ ವಿಮಾನ ಹಾರಿತು. ನಿರ್ಬಂಧ ಕಾಗದಗಳನ್ನೂ ಪೆಟ್ಟಿಗೆಗಳನ್ನೂ ತಡೆಯಿತು, ಜನರ ತಲೆಯಲ್ಲಿದ್ದುದನ್ನು ತಡೆಯಲಾಗಲಿಲ್ಲ.

ಇದೇ ಆವರಣದ ಹೆಲಿಕಾಪ್ಟರ್ ವಿಭಾಗದ ಕಥೆ ಬೇರೆ ಜಾಡಿನದು. ಫ್ರಾನ್ಸಿನ ಲೈಸೆನ್ಸ್ ಪಡೆದು 1960ರ ದಶಕದ ನಡುವಿನಿಂದ ಚೇತಕ್, ಮುಂದಿನ ದಶಕದಿಂದ ಚೀತಾ ಹೆಲಿಕಾಪ್ಟರುಗಳನ್ನು ಇಲ್ಲಿ ತಯಾರಿಸಿದರು. ಆ ಸಾಲು ಕಡಿಯಲಿಲ್ಲ. 1984ರಲ್ಲಿ ಜರ್ಮನಿಯ ಎಂಬಿಬಿ ಕಂಪನಿಯ ಸಹಯೋಗದಲ್ಲಿ ಸ್ವಂತ ಹೆಲಿಕಾಪ್ಟರಿನ ವಿನ್ಯಾಸ ಶುರುವಾಯಿತು, 1992ರ ಆಗಸ್ಟಿನಲ್ಲಿ ಧ್ರುವ್ ಹಾರಿತು. ಧ್ರುವ್‌ನ ಎಂಜಿನ್ ಮತ್ತು ರೋಟರ್ ವ್ಯವಸ್ಥೆಯ ಆಧಾರದಲ್ಲಿ ಯುದ್ಧ ಹೆಲಿಕಾಪ್ಟರ್ 2010ರಲ್ಲಿ ಹಾರಿತು; 2022ರಲ್ಲಿ ಅದು ‘ಪ್ರಚಂಡ್’ ಎಂಬ ಹೆಸರಿನಲ್ಲಿ ವಾಯುಪಡೆ ಸೇರಿತು. 2016ರಲ್ಲಿ ಹಗುರ ಬಳಕೆಯ ಇನ್ನೊಂದು ಹೆಲಿಕಾಪ್ಟರ್ ಬಂತು. ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾದದ್ದರಿಂದ, ಧ್ರುವ್‌ನಲ್ಲಿ ಪೆಟ್ಟು ತಿಂದವರೇ ಪ್ರಚಂಡ್‌ನ ಡ್ರಾಯಿಂಗ್ ಮೇಲೆ ಕೂರುವ ಅವಕಾಶ ಉಳಿಯಿತು. 2025ರ ಮಾರ್ಚಿನಲ್ಲಿ 156 ಪ್ರಚಂಡ್ ಹೆಲಿಕಾಪ್ಟರುಗಳಿಗೆ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಅವು ಬೆಂಗಳೂರಿನಲ್ಲೂ ತುಮಕೂರಿನ ಹೊಸ ಘಟಕದಲ್ಲೂ ತಯಾರಾಗಬೇಕಿವೆ.

ಬೆಮೆಲ್ ಬಗ್ಗೆ ಎರಡು ಮಾತು ಸಾಕು. ಯುದ್ಧಾನಂತರ ವಿಮಾನದ ಕೆಲಸ ಕಡಿಮೆಯಾದಾಗ ಎಚ್‌ಎಎಲ್ ರೈಲು ಬೋಗಿಗಳನ್ನು ಕಟ್ಟಲು ಹಿಡಿಯಿತು. ಆ ವಿಭಾಗವೇ 1964ರಲ್ಲಿ ಸ್ಥಾಪನೆಯಾದ ಬೆಮೆಲ್‌ನ ಮೂಲ. ದೆಹಲಿ ಮೆಟ್ರೊಗೆ ಕೊರಿಯಾದ ರೋಟೆಮ್ ಜೊತೆ, ಆಮೇಲೆ ನಮ್ಮ ಮೆಟ್ರೊದ ಮೊದಲ ಹಂತಕ್ಕೆ ಇಲ್ಲಿ ಬೋಗಿಗಳು ತಯಾರಾದವು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ, ಆ ಬೋಗಿ ಹುಟ್ಟಿದ ಕಾರ್ಖಾನೆ ಹಳಿಯಿಂದ ಬಹಳ ದೂರದಲ್ಲಿರಲಿಲ್ಲ. 2024ರಲ್ಲಿ ವಂದೇ ಭಾರತ್ ಸ್ಲೀಪರ್ ರೈಲಿನ ಮಾದರಿ ಹೊರಬಂದದ್ದೂ ಬೆಮೆಲ್‌ನಿಂದಲೇ. ಕೆಲಸ ಇಲ್ಲದಾಗ ಜನರನ್ನು ಕಳುಹಿಸದೆ ಪಕ್ಕದ ಕೆಲಸವೊಂದನ್ನು ಹುಡುಕಿಕೊಂಡ ನಿರ್ಧಾರವೊಂದು ಮುಕ್ಕಾಲು ಶತಮಾನದ ಆಚೆಗೂ ಫಲ ಕೊಡುತ್ತಿದೆ.

ಮಾನ್ಯರೇ, ಇಲ್ಲಿಯವರೆಗೆ ಹೇಳಿದ್ದು ಕಲಿಕೆಯ ನಿರಂತರತೆಯ ಮಾತು. ಆದರೆ ನಿರಂತರತೆಯೊಂದೇ ಸಾಲದು ಎಂಬುದನ್ನು ಕೃಷ್ಣರಾಜಪುರದ ಐಟಿಐ ಹೇಳುತ್ತದೆ.

ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮವೆಂದು 1948ರಲ್ಲಿ ಶುರುವಾದ ಐಟಿಐಗೆ ಕೆಲಸದ ಕೊರತೆ ದಶಕಗಳವರೆಗೆ ಬರಲಿಲ್ಲ. ಇಂಗ್ಲೆಂಡಿನ ಎಟಿಇ ಕಂಪನಿಯಿಂದ ಸ್ಟ್ರೋಜರ್ ಮಾದರಿಯ ಟೆಲಿಫೋನ್ ಎಕ್ಸ್‌ಚೇಂಜ್, 1964ರ ಒಪ್ಪಂದದಲ್ಲಿ ಬೆಲ್ಜಿಯಂನಿಂದ ಕ್ರಾಸ್‌ಬಾರ್, ಎಂಬತ್ತರ ದಶಕದಲ್ಲಿ ಫ್ರಾನ್ಸಿನ ಅಲ್ಕಾಟೆಲ್‌ನಿಂದ ಡಿಜಿಟಲ್ ಎಕ್ಸ್‌ಚೇಂಜ್. ಒಂದೊಂದನ್ನೂ ಇಲ್ಲಿನ ಕೈಗಳು ಕಲಿತವು. ಬೆಲ್ಜಿಯಂನ ಕ್ರಾಸ್‌ಬಾರ್ ಇಲ್ಲಿ ತೊಡಕು ಕೊಟ್ಟಿತು. ಯುರೋಪಿನಲ್ಲಿ ಮನೆಗೊಂದು ಫೋನ್ ಇದ್ದು ದಿನಕ್ಕೆ ಕೆಲವೇ ಕರೆ ಮಾಡುವ ಲೆಕ್ಕದಲ್ಲಿ ಅದನ್ನು ರೂಪಿಸಿದ್ದರು. ನಮ್ಮಲ್ಲಿ ಒಂದು ಫೋನನ್ನು ಒಂದು ಬೀದಿಯೇ ಬಳಸುತ್ತಿತ್ತು. ಆ ಒತ್ತಡಕ್ಕೆ ಎಕ್ಸ್‌ಚೇಂಜ್‌ಗಳು ಸೋತವು. ಆಗ ನಮ್ಮ ಎಂಜಿನಿಯರುಗಳು ಭಾರತದ ಬಳಕೆಗೆ ತಕ್ಕಂತೆ ಅದರ ವಿನ್ಯಾಸವನ್ನೇ ತಿದ್ದುವ ಯೋಜನೆ ಕೈಗೊಂಡರು. ಮೊದಲ ಬಾರಿಗೆ ‘ಹೇಗೆ’ ಎಂಬುದರ ಜೊತೆ ‘ಯಾಕೆ’ ಎಂಬ ಪ್ರಶ್ನೆ ಎದ್ದಿತು.

ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶೋನ್ 1978ರಲ್ಲಿ ಬರೆದ ಪುಸ್ತಕ ಈ ಎರಡು ಬಗೆಯ ಕಲಿಕೆಯನ್ನು ಬೇರ್ಪಡಿಸುತ್ತದೆ. ಗುರಿಯನ್ನು ಪ್ರಶ್ನಿಸದೆ ತಪ್ಪು ತಿದ್ದುವುದು ಒಂದು, ಗುರಿಯನ್ನೂ ಅದರ ಹಿಂದಿನ ನಂಬಿಕೆಯನ್ನೂ ತಿದ್ದುವುದು ಇನ್ನೊಂದು. ಕ್ರಾಸ್‌ಬಾರ್ ಅನ್ನು ತಿದ್ದಿದ ಬುದ್ಧಿ ಕಂಪನಿಯ ಮೂಲ ನಂಬಿಕೆಯವರೆಗೆ ಹೋಗಲಿಲ್ಲ. ಕೊಳ್ಳುವವನು ಒಬ್ಬನೇ, ಅದು ದೂರಸಂಪರ್ಕ ಇಲಾಖೆ. ಇಲಾಖೆ ಎಷ್ಟು ಕೇಳುತ್ತದೋ ಅಷ್ಟು ಮಾಡಬೇಕು. ನಿರ್ವಹಣಾಶಾಸ್ತ್ರದ ಚಿಂತಕ ಎಡ್ಗರ್ ಶೈನ್ ಸಂಸ್ಥೆಯ ಸಂಸ್ಕೃತಿಯನ್ನು ಮೂರು ಪದರಗಳಲ್ಲಿ ವಿವರಿಸುತ್ತಾರೆ: ಕಣ್ಣಿಗೆ ಕಾಣುವುದು, ಬಾಯಲ್ಲಿ ಹೇಳುವುದು, ಯಾರೂ ಹೇಳದೆ ಎಲ್ಲರೂ ನಂಬಿರುವುದು. ಐಟಿಐಯ ಒಬ್ಬನೇ ಗಿರಾಕಿ ಮೂರನೆಯ ಪದರದಲ್ಲಿದ್ದ. ದೂರಸಂಪರ್ಕ ಎಂಜಿನಿಯರ್ ಸ್ಯಾಮ್ ಪಿತ್ರೋಡ ಅವರ ಮುತುವರ್ಜಿಯಲ್ಲಿ 1984ರಲ್ಲಿ ಹುಟ್ಟಿದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದು 128 ಸಂಪರ್ಕಗಳ ಪುಟ್ಟ ಎಕ್ಸ್‌ಚೇಂಜ್ ರೂಪಿಸಿ, ಅದನ್ನು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸ್ಥಾಪಿಸಿತು. ಧೂಳು, ಬಿಸಿಲು, ಕೈಕೊಡುವ ಕರೆಂಟು ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ವಿನ್ಯಾಸ ಅದು. ಅಷ್ಟು ವರ್ಷ ಟೆಲಿಫೋನ್ ಮಾಡಿದ ಕಾರ್ಖಾನೆಯೊಳಗೇ ಹಳ್ಳಿಗೆ ಎಂಥ ಎಕ್ಸ್‌ಚೇಂಜ್ ಬೇಕು ಎಂಬ ಪ್ರಶ್ನೆ ಮೊದಲು ಹುಟ್ಟಬೇಕಿತ್ತು. 1991ರ ನಂತರ ಸ್ಪರ್ಧೆ ಬಂದು ಬೆಲೆ ಇಳಿದಾಗ, ಇಲಾಖೆಯ ಆರ್ಡರ್ ಇಳಿದಾಗ, ಹೊಸ ಗಿರಾಕಿಯನ್ನು ಹುಡುಕುವ ಅಭ್ಯಾಸವೇ ಕಂಪನಿಗೆ ಇರಲಿಲ್ಲ.

ಹಾಗೆಂದು ಅಲ್ಲಿ ಹಂಚಿಕೊಂಡ ಮೌಲ್ಯಗಳು ಇರಲಿಲ್ಲವೇ? ಧಾರಾಳವಾಗಿದ್ದವು. ದೂರವಾಣಿನಗರದ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಕಂಪನಿ ಬಸ್ಸು, ರಾಜ್ಯೋತ್ಸವದ ಪೆಂಡಾಲು ಇವೆಲ್ಲ ‘ನಮ್ಮ ಫ್ಯಾಕ್ಟರಿ’ ಎಂಬ ಭಾವವನ್ನು ಬೆಳೆಸಿದವು. ಕನ್ನಡ, ತಮಿಳು, ತೆಲುಗು, ಮಲಯಾಳಂ, ಉರ್ದು ಮಾತಾಡುವವರು ಒಂದೇ ಬೆಂಚಿನಲ್ಲಿ ದುಡಿದು, ಡ್ರಾಯಿಂಗಿನ ಇಂಗ್ಲಿಷನ್ನು ತಮ್ಮ ತಮ್ಮ ಮಾತಿಗೆ ಇಳಿಸಿಕೊಂಡರು. 1980ರ ಡಿಸೆಂಬರಿನಲ್ಲಿ ಶುರುವಾಗಿ 77 ದಿನ ನಡೆದ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಮುಷ್ಕರದಲ್ಲಿ ಎಚ್‌ಎಎಲ್, ಐಟಿಐ, ಬೆಮೆಲ್, ಬಿಇಎಲ್, ಎಚ್‌ಎಂಟಿಯ ಸುಮಾರು ಒಂದೂಕಾಲು ಲಕ್ಷ ಕಾರ್ಮಿಕರು ಒಟ್ಟಾಗಿ ನಿಂತರು. ಬೇಡಿಕೆ ಇನ್ನೊಂದು ಸಾರ್ವಜನಿಕ ಉದ್ಯಮವಾದ ಬಿಎಚ್‌ಇಎಲ್‌ಗೆ ಸಮನಾದ ಸಂಬಳದ್ದು. ಆ ಒಗ್ಗಟ್ಟು ಯಾವ ಆಡಳಿತ ಮಂಡಳಿಯೂ ಫಲಕದ ಮೇಲೆ ಬರೆಸಿದ ಮೌಲ್ಯದಿಂದ ಬಂದದ್ದಲ್ಲ, ಶಾಪ್‌ನಲ್ಲಿ ಒಟ್ಟಿಗೆ ದುಡಿದದ್ದರಿಂದ ಬಂದದ್ದು. ಕೊರತೆಯಿದ್ದದ್ದು ಬೇರೆಡೆ. ಆ ನಿಷ್ಠೆಗೂ ಉತ್ಪನ್ನದ ಭವಿಷ್ಯದ ಪ್ರಶ್ನೆಗೂ ನಡುವೆ ಬಾಗಿಲು ಇರಲಿಲ್ಲ. ಬೋನಸ್ಸಿನ ಬಗ್ಗೆ ಕಾರ್ಮಿಕ ಮಾತಾಡಬಹುದಿತ್ತು. ಮುಂದಿನ ಎಕ್ಸ್‌ಚೇಂಜ್ ಹೇಗಿರಬೇಕು ಎಂದು ಅವನನ್ನು ಕೇಳುವ ರೂಢಿಯಿರಲಿಲ್ಲ.

ಮೌಲ್ಯಕ್ಕೂ ಕಲಿಕೆಗೂ ಇರುವ ನಂಟು ಎಚ್‌ಎಎಲ್‌ನತ್ತ ಮರಳಿದರೆ ಸ್ಪಷ್ಟವಾಗುತ್ತದೆ. ವಿಮಾನದ ಶಾಪ್‌ನಲ್ಲಿ ದೋಷವನ್ನು ಸ್ನ್ಯಾಗ್ ಎನ್ನುತ್ತಾರೆ. ಸ್ನ್ಯಾಗ್ ಕಂಡ ಫಿಟ್ಟರ್ ಅದನ್ನು ಬರೆದಿಡಬೇಕು, ಬರೆದದ್ದಕ್ಕೆ ಅವನಿಗೆ ತೊಂದರೆಯಾಗಬಾರದು, ಅದು ವಿನ್ಯಾಸಕಾರನ ಮೇಜಿನವರೆಗೆ ಹೋಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಸಂಸ್ಥೆ ಕಲಿಯುವುದಿಲ್ಲ. 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಕರಾವಳಿ ಪಡೆಯ ಧ್ರುವ್ ಪತನವಾದ ಮೇಲೆ ಇಡೀ ಧ್ರುವ್ ಪಡೆಯ ಹಾರಾಟ ತಿಂಗಳುಗಟ್ಟಲೆ ನಿಂತಿತು. ಸೈನ್ಯಕ್ಕೆ, ಕಂಪನಿಗೆ ಅದು ದುಬಾರಿ. ಆದರೆ ಕಾರಣ ತಿಳಿಯುವವರೆಗೆ ನಿಲ್ಲಿಸುವ ಧೈರ್ಯವೇ ವಿಮಾನ ಉದ್ಯಮದ ಮೂಲ ಮೌಲ್ಯ. ವೇಳಾಪಟ್ಟಿಗೆ ಮಣಿದು ಅದನ್ನು ಸಡಿಲಿಸಿದ ಸಂಸ್ಥೆಗೆ ಬೇರೆ ಯಾವ ತರಬೇತಿಯೂ ನೆರವಾಗದು.

ಇಂದು ಅದೇ ಪ್ರದೇಶದಲ್ಲಿ ಸಿ.ವಿ. ರಾಮನ್ ನಗರದ ಬಾಗ್ಮನೆ ಟೆಕ್ ಪಾರ್ಕಿನಂಥ ಕಟ್ಟಡಗಳಲ್ಲಿ ಹೊಸ ಬಗೆಯ ಕಂಪನಿಗಳಿವೆ. ತಪ್ಪಾದಾಗ ಯಾರನ್ನೂ ದೂರದೆ ಕಾರಣ ಹುಡುಕುವ ಸಭೆ, ಎರಡು ವಾರಕ್ಕೊಮ್ಮೆ ಹಿಂದಿರುಗಿ ನೋಡುವ ಚರ್ಚೆ ಸಾಫ್ಟ್‌ವೇರ್ ಲೋಕದ ಒಳ್ಳೆಯ ರೂಢಿಗಳು. ಹಳೆಯ ಕಾರ್ಖಾನೆಗಳಲ್ಲಿ ಮೇಲಿನವರಿಗೆ ಕೆಳಗಿನವರು ಹೇಳಲಾಗದಿದ್ದ ಎಷ್ಟೋ ಮಾತು ಇಲ್ಲಿ ಸಲೀಸಾಗಿ ಬರುತ್ತದೆ. ಆದರೆ ಚರ್ಚೆ ಮಾಡಿದವರು ಮುಂದಿನ ವರ್ಷ ಅದೇ ಕುರ್ಚಿಯಲ್ಲಿರುತ್ತಾರೆಂಬ ಭರವಸೆ ಇಲ್ಲ. ಒಂದು ಕಡೆ ಜನ ಉಳಿದರು, ಪ್ರಶ್ನೆ ಏಳಲಿಲ್ಲ. ಇನ್ನೊಂದು ಕಡೆ ಪ್ರಶ್ನೆ ಏಳುತ್ತದೆ, ಜನ ಉಳಿಯುವುದಿಲ್ಲ. ಎರಡನ್ನೂ ಕೂಡಿಸುವ ಕೆಲಸ ಬಾಕಿಯಿದೆ.

ಎನ್‌ಜಿಇಎಫ್‌ನ ವಿಷಯದಲ್ಲಿ ಆ ಅವಕಾಶ ಕೈತಪ್ಪಿತು. ಜರ್ಮನಿಯ ಎಇಜಿ ಸಹಯೋಗದಲ್ಲಿ 1956ರಲ್ಲಿ ಶುರುವಾಗಿ ಟ್ರಾನ್ಸ್‌ಫಾರ್ಮರ್, ಮೋಟಾರುಗಳನ್ನು ಕೊಟ್ಟ ಆ ಕಾರ್ಖಾನೆ ಮುಚ್ಚಿದಾಗ, ಸಾರ್ವಜನಿಕ ಚರ್ಚೆ ಬಹುಪಾಲು ಅದರ ಜಮೀನಿನ ಸುತ್ತಲೇ ನಡೆಯಿತು. ಭೂಮಿಗೆ ಬೆಲೆ ಕಟ್ಟಿದವರಿದ್ದರು. ನಾಲ್ಕು ದಶಕ ತಂತಿ ಸುತ್ತಿದ ಕೈಗಳ ವಿದ್ಯೆಗೆ ಲೆಕ್ಕಪತ್ರದಲ್ಲಿ ಕಾಲಂ ಇರಲಿಲ್ಲ.

ಅಂಥ ಕಾಲಂ ಒಂದನ್ನು ಬರೆಯುವ ಸಂದರ್ಭ ಈಗ ವಿಮಾನಪುರದ ಸುತ್ತಲೇ ಬಂದಿದೆ. ಐದನೇ ಪೀಳಿಗೆಯ ಯುದ್ಧವಿಮಾನ ಎಎಂಸಿಎಯ ಮಾದರಿಗಳಿಗೆ 2024ರ ಮಾರ್ಚಿನಲ್ಲಿ ಸುಮಾರು 15,000 ಕೋಟಿ ರೂಪಾಯಿಯ ಮಂಜೂರಾತಿ ಸಿಕ್ಕಿತು. 2025ರ ಮೇ ತಿಂಗಳಲ್ಲಿ ರಕ್ಷಣಾ ಸಚಿವಾಲಯ ಒಪ್ಪಿದ ಕ್ರಮದಂತೆ ಎಡಿಎ ಜೊತೆ ಅದನ್ನು ಕಟ್ಟಲು ಖಾಸಗಿ ಕಂಪನಿಗಳೂ ಸಾರ್ವಜನಿಕ ಉದ್ಯಮಗಳೂ ಸ್ಪರ್ಧಿಸಲು ಅವಕಾಶವಾಯಿತು. ಸ್ಪರ್ಧೆ ಬೇಕಾದದ್ದೇ. ಗೆಲ್ಲುವವರು ಯಾರೇ ಆಗಲಿ, ಬೆಲೆ ಮತ್ತು ಅವಧಿಯ ಷರತ್ತುಗಳ ಪಕ್ಕದಲ್ಲಿ ಇನ್ನೆರಡು ಷರತ್ತು ಸೇರಬೇಕು. ತೇಜಸ್‌ನ ಜೋಡಣೆ ಮತ್ತು ವಿನ್ಯಾಸದಲ್ಲಿ ಪಳಗಿದವರು ನಿಗದಿತ ವರ್ಷಗಳವರೆಗೆ ಹೊಸ ತಂಡದೊಳಗೆ ಕೂತು ಕೆಲಸ ಮಾಡಬೇಕು. ತೇಜಸ್‌ನ ಸ್ನ್ಯಾಗ್ ದಾಖಲೆಗಳು ಆ ತಂಡಕ್ಕೆ ಮೊದಲ ದಿನದಿಂದಲೇ ತೆರೆದಿರಬೇಕು. ಎಂಬತ್ತರ ದಶಕದಲ್ಲಿ ಎಡಿಎ ಸೇರಿದವರು ಈಗಾಗಲೇ ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ಕಲಿತವರು ಇನ್ನೂ ಸೇವೆಯಲ್ಲಿದ್ದಾರೆ, ಮತ್ತು ಈ ಷರತ್ತುಗಳನ್ನು ಬರೆಯಲು ಇರುವ ಕಾಲ ಅವರ ಸೇವಾವಧಿಯಷ್ಟೇ.